ಗೋದಾಮಿನಿಂದ ಹೊರಬಂದ ಹಳೆಯ ಲಾನ್ ಮೋವರ್: ದೋಷ ಹುಡುಕುವ ಬಗೆ

ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ಹಳೆಯ ಎಸ್ಟೇಟ್ ಬಂಗಲೆಗಳ ಗೋದಾಮು ಖಾಲಿ ಮಾಡಿಸುವಾಗ ಮುರಿದ ಪಲ್ಪರ್, ತೂತುಬಿದ್ದ ಸ್ಪ್ರೇಯರ್‌ಗಳ ಅಡಿಯಿಂದ ಒಮ್ಮೊಮ್ಮೆ ಒಂದು ಲಾನ್ ಮೋವರ್ ಹೊರಬರುತ್ತದೆ. ಬೀಡು ಕಬ್ಬಿಣದ ಎರಡು ಪಕ್ಕೆ, ನಡುವೆ ತಿರುಚಿದ ಬ್ಲೇಡುಗಳ ಸಿಲಿಂಡರ್, ಹಿಂದೆ ಭಾರದ ರೋಲರ್. ಗುಜರಿಯವರು ಅದನ್ನು ಕಿಲೋ ಲೆಕ್ಕದಲ್ಲಿ ತೂಗುತ್ತಾರೆ. ಇಂಥದ್ದು ಕೈಗೆ ಸಿಕ್ಕಿ, ಮತ್ತೆ ಹುಲ್ಲಿನ ಮೇಲೆ ಓಡಿಸುವ ಆಸೆ ಹುಟ್ಟಿದವರಿಗಾಗಿ ಈ ಬರಹ.

ಈ ಯಂತ್ರಗಳು ದುಡಿದು ಕೆಟ್ಟದ್ದು ಕಡಿಮೆ, ಸುಮ್ಮನೆ ನಿಂತು ಕೆಟ್ಟದ್ದೇ ಹೆಚ್ಚು. ಹತ್ತಾರು ಮಳೆಗಾಲದ ತೇವ, ಗಟ್ಟಿಯಾದ ಗ್ರೀಸ್, ಟ್ಯಾಂಕಿನ ತಳದಲ್ಲಿ ಅಂಟಾದ ಪೆಟ್ರೋಲ್, ಇಲಿ, ಕಣಜ, ಗೆದ್ದಲು: ಅಪರಾಧಿಗಳು ಸಾಮಾನ್ಯವಾಗಿ ಇವರೇ. ಇವರಿಗಿಂತ ಕೇಡಿಗ ಇನ್ನೊಬ್ಬನಿದ್ದಾನೆ, ಅವಸರದಲ್ಲಿ ಸ್ಪ್ಯಾನರ್ ಹಿಡಿದವನು. ಮುರಿದ ಬೋಲ್ಟ್, ಅದಲುಬದಲಾದ ಹಲ್ಲುಚಕ್ರ, ಸುತ್ತಿಗೆ ಏಟಿಗೆ ಸೀಳಿದ ಬೀಡು ಇವೆಲ್ಲ ಅವನ ಕೊಡುಗೆ. ಹಾಗಾಗಿ ಇಲ್ಲಿ ಪ್ರತಿಯೊಂದು ಲಕ್ಷಣಕ್ಕೂ ಮೊದಲು ಕಣ್ಣು, ಕಿವಿ, ಕೈಯಲ್ಲಿ ಆಗುವ ಪರೀಕ್ಷೆ, ಬಿಚ್ಚುವುದು ಆಮೇಲೆ.

ಮುಟ್ಟುವ ಮೊದಲು

ಇಂಜಿನ್ ಇರುವ ಯಂತ್ರವಾದರೆ ಸ್ಪಾರ್ಕ್ ಪ್ಲಗ್ಗಿನ ವೈರನ್ನು ಕಿತ್ತು ದೂರ ಕಟ್ಟಿಡಿ. ಎಷ್ಟೋ ವರ್ಷದಿಂದ ಓಡದ ಇಂಜಿನ್ ಎಂಬ ಭರವಸೆ ಬೇಡ. ಕಿಡಿ ಹುಟ್ಟಿಸುವ ಮ್ಯಾಗ್ನೆಟೋಗೆ ಬ್ಯಾಟರಿಯ ಹಂಗಿಲ್ಲ. ಕೈಯಿಂದ ತಳ್ಳುವ ಯಂತ್ರವೂ ಸಾಧುವಲ್ಲ. ಸಿಲಿಂಡರನ್ನು ಒಂದು ತುದಿಯಲ್ಲಿ ತಿರುಗಿಸಿದರೆ ಇನ್ನೊಂದು ತುದಿಯಲ್ಲಿಟ್ಟ ಬೆರಳು ಕೆಳಬ್ಲೇಡಿಗೆ, ಅಂದರೆ ಸಿಲಿಂಡರಿನ ಅಡಿಯಲ್ಲಿ ತಿರುಗದೆ ನಿಂತಿರುವ ಬ್ಲೇಡಿಗೆ, ಸಿಕ್ಕುತ್ತದೆ. ದಪ್ಪ ಚರ್ಮದ ಕೈಗವಸು ಹಾಕಿ, ತಿರುಗಿಸಲು ಮರದ ಕೋಲು ಬಳಸಿ. ಇಬ್ಬರು ಸೇರಿ ಕೆಲಸ ಮಾಡುವಾಗ ಚಕ್ರಕ್ಕೆ ಒಬ್ಬರು, ಬ್ಲೇಡಿಗೆ ಒಬ್ಬರು ಕೈ ಹಾಕುವಂತಿಲ್ಲ.

ಪಕ್ಕೆಯ ಮೇಲಿನ ಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸಿ ಎರಕದ ಅಕ್ಷರಗಳನ್ನು ಓದಿ. ಲಾನ್ ಮೋವರಿಗೆ ಮೊದಲ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್, 1830ರಲ್ಲಿ. ಬಟ್ಟೆ ಗಿರಣಿಯಲ್ಲಿ ಉಣ್ಣೆಯ ಜುಂಗು ಸವರುವ ಯಂತ್ರ ಅವನಿಗೆ ಮಾದರಿ. ಇಪ್ಸ್‌ವಿಚ್‌ನ ರಾನ್ಸಮ್ಸ್, ಲೀಡ್ಸ್‌ನ ಥಾಮಸ್ ಗ್ರೀನ್, ಆರ್ಬ್ರೋತ್‌ನ ಶ್ಯಾಂಕ್ಸ್ ಆಮೇಲೆ ಬಂದ ದೊಡ್ಡ ಹೆಸರುಗಳು. ಬರ್ಮಿಂಗ್‌ಹ್ಯಾಮಿನ ಅಟ್ಕೋ 1921ರಿಂದ ಈಚಿನದು, ಪೆಟ್ರೋಲ್ ಇಂಜಿನ್ನಿನದು. ಹೆಸರು ತಿಳಿದರೆ ಕಾಲ ತಿಳಿಯುತ್ತದೆ, ಕಾಲ ತಿಳಿದರೆ ಯಾವ ನಟ್ಟಿಗೆ ಯಾವ ಸ್ಪ್ಯಾನರ್ ಎಂಬುದು ತಿಳಿಯುತ್ತದೆ. ಹಳೆಯ ಬ್ರಿಟಿಷ್ ಯಂತ್ರಗಳ ನಟ್ ಬೋಲ್ಟುಗಳು ವಿಟ್‌ವರ್ತ್ ಎಂಬ ಇಂಚಿನ ಲೆಕ್ಕದ ಅಳತೆಯವು. ಮಿಲಿಮೀಟರ್ ಸ್ಪ್ಯಾನರ್ ಹಾಕಿದರೆ ಮೂಲೆಗಳು ಸವೆದು ನಟ್ ಗುಂಡಗಾಗುತ್ತದೆ. ಮಿಲಿಮೀಟರ್ ಬೋಲ್ಟನ್ನು ಆ ತೂತಿಗೆ ಬಲವಂತವಾಗಿ ತುರುಕುವುದಂತೂ ಬೇಡವೇ ಬೇಡ. ಒಂದರ ಮರೆಯ (ತಿರುಪಿನ ಸುರುಳಿ ಹಲ್ಲಿನ) ಕೋನ 55 ಡಿಗ್ರಿ, ಇನ್ನೊಂದರದ್ದು 60. ಹಾಸನ, ಚಿಕ್ಕಮಗಳೂರಿನಲ್ಲಿ ಹಳೆಯ ಬುಲೆಟ್ ರಿಪೇರಿ ಮಾಡುವ ಹಿರಿಯ ಮೆಕ್ಯಾನಿಕ್ ಸಿಕ್ಕಿದರೆ ಕೇಳಿ ನೋಡಿ, ಅವರ ಪೆಟ್ಟಿಗೆಯಲ್ಲಿ ಆ ಸ್ಪ್ಯಾನರ್ ಇರುವ ಸಾಧ್ಯತೆ ಹೆಚ್ಚು. ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಡಿ.

ತಳ್ಳಿದರೆ ಕದಲುವುದೇ ಇಲ್ಲ

ಮೊದಲು ಸಿಲಿಂಡರಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಬ್ಲೇಡುಗಳ ನಡುವೆ ಸಿಕ್ಕಿದ ಕಾಫಿ ಕಡ್ಡಿ, ತಂತಿಯ ತುಂಡು, ಒಂದು ಬೆಣಚುಕಲ್ಲು ಇಷ್ಟೇ ಇದ್ದರೂ ಇಡೀ ಯಂತ್ರ ಹಿಡಿದು ನಿಲ್ಲುತ್ತದೆ. ಅದಿಲ್ಲವಾದರೆ ಸಿಲಿಂಡರ್ ಕೆಳಬ್ಲೇಡಿಗೆ ಒತ್ತಿ ತುಕ್ಕು ಹಿಡಿದು ಅಂಟಿದೆಯೇ ನೋಡಿ. ಕೆಳಬ್ಲೇಡನ್ನು ಏರಿಸಿ ಇಳಿಸುವ ತಿರುಪುಗಳು ಎರಡೂ ಪಕ್ಕೆಯಲ್ಲಿರುತ್ತವೆ. ಅವಕ್ಕೆ ಡೀಸೆಲ್ ಮತ್ತು ಇಂಜಿನ್ ಎಣ್ಣೆ ಸಮ ಬೆರೆಸಿ ಹನಿಸಿ, ಒಂದು ರಾತ್ರಿ ಬಿಟ್ಟು, ಸ್ವಲ್ಪ ಸಡಿಲಿಸಿ ದೂರ ಸರಿಸಿದರೆ ಎಷ್ಟೋ ಬಾರಿ ಸಿಲಿಂಡರ್ ತಾನಾಗಿಯೇ ಬಿಡುತ್ತದೆ.

ಆಗಲೂ ಬಿಡದಿದ್ದರೆ ಬೇರಿಂಗ್ ಹಿಡಿದಿದೆ ಎಂದರ್ಥ. ಎಣ್ಣೆ ಹಾಕುವ ತೂತು ಹುಡುಕಿ; ಮಣ್ಣು, ಬಣ್ಣದಿಂದ ಮುಚ್ಚಿಹೋಗಿರುತ್ತದೆ. ಸೂಜಿಯಿಂದ ಬಿಡಿಸಿ ದಿನಕ್ಕೆರಡು ಸಲ ಅದೇ ಮಿಶ್ರಣ ಹನಿಸಿ. ಮರದ ಕೊಡತಿಯಿಂದ ಶಾಫ್ಟಿನ ತುದಿಗೆ ಮೆಲ್ಲನೆ ತಟ್ಟುವುದು ಸರಿ. ಕಬ್ಬಿಣದ ಸುತ್ತಿಗೆ ಬೇಡ. ಬೀಡು ಬಾಗುವುದಿಲ್ಲ, ಒಡೆಯುತ್ತದೆ. ಬಿಸಿ ಮಾಡುವುದಿದ್ದರೆ ಪೆಟ್ರೋಲ್ ಟ್ಯಾಂಕ್ ಕಳಚಿ ದೂರ ಇಟ್ಟ ಮೇಲೆಯೇ, ಅದೂ ಒಂದೇ ಜಾಗಕ್ಕೆ ಜ್ವಾಲೆ ಹಿಡಿಯದೆ. ನಟ್ ಒಂದು ದಿಕ್ಕಿಗೆ ಕದಲದಿದ್ದರೆ ಬಲ ಹೆಚ್ಚಿಸುವ ಮೊದಲು ಅದು ಎಡಮರೆಯದೋ, ಅಂದರೆ ಉಲ್ಟಾ ದಿಕ್ಕಿಗೆ ಬಿಚ್ಚುವುದೋ, ನೋಡಿ. ಕೆಲವು ಮಾದರಿಗಳ ಶಾಫ್ಟಿನ ಒಂದು ತುದಿಯಲ್ಲಿ ಎಡಮರೆ ಇರುತ್ತದೆ.

ಚಕ್ರ ತಿರುಗುತ್ತದೆ, ಸಿಲಿಂಡರ್ ತಿರುಗುವುದಿಲ್ಲ

ಪಕ್ಕದ ಚಕ್ರಗಳಿಂದ ಓಡುವ ಚಿಕ್ಕ ಯಂತ್ರವನ್ನು ಹಿಂದಕ್ಕೆ ಎಳೆದು ಕಿವಿಗೊಡಿ. ಟಿಕ್ ಟಿಕ್ ಟಿಕ್ ಎಂಬ ಸದ್ದು ಬರಬೇಕು. ಸದ್ದು ಬಂದರೆ ಒಳಗಿನ ಹಿಡಿಕೊಕ್ಕೆ ಜೀವಂತವಾಗಿದೆ. ಸದ್ದೇ ಇಲ್ಲದಿದ್ದರೆ ಅದು ಗಟ್ಟಿ ಗ್ರೀಸಿನಲ್ಲಿ ಹೂತುಹೋಗಿದೆ.

ಚಕ್ರ ಕಳಚಿದರೆ ಸಿಲಿಂಡರ್ ಶಾಫ್ಟಿನ ತುದಿಯಲ್ಲಿ ಚಿಕ್ಕ ಹಲ್ಲುಚಕ್ರವಿದೆ. ಅದನ್ನು ಎಳೆದು ತೆಗೆದರೆ ಶಾಫ್ಟಿಗೆ ಅಡ್ಡವಾಗಿ ಕೊರೆದ ಸೀಳಿನಲ್ಲಿ ಒಂದು ಉಕ್ಕಿನ ತುಂಡು ಅತ್ತಿತ್ತ ಜಾರುವಂತೆ ಕುಳಿತಿರುತ್ತದೆ. ಹಿಡಿಕೊಕ್ಕೆ ಎಂದರೆ ಇದೇ. ಮುಂದೆ ತಳ್ಳುವಾಗ ಇದರ ಚೂಪು ತುದಿ ಹಲ್ಲುಚಕ್ರದ ಒಳಗಿನ ಕಚ್ಚಿಗೆ ಸಿಕ್ಕಿ ಸಿಲಿಂಡರನ್ನು ಎಳೆಯುತ್ತದೆ. ಹಿಂದೆ ಎಳೆಯುವಾಗ ಜಾರಿ ಟಿಕ್ ಎನ್ನುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಬೆರಳಿನಲ್ಲಿ ಅಲ್ಲಾಡಿಸಿದರೆ ಸಲೀಸಾಗಿ ಜಾರಬೇಕು. ತುದಿ ಗುಂಡಗಾಗಿದ್ದರೆ ತಿರುಗಿಸಿ ಹಾಕಿ, ಇನ್ನೊಂದು ತುದಿ ಹೊಸದರಂತೆ ಇರಬಹುದು. ಎರಡೂ ಸವೆದಿದ್ದರೆ ಲೇತ್ ಅಂಗಡಿಯಲ್ಲಿ ಗಟ್ಟಿ ಉಕ್ಕಿನದು ಮಾಡಿಸುವುದು ದೊಡ್ಡ ಕೆಲಸವಲ್ಲ. ಮರಳಿ ಜೋಡಿಸುವಾಗ ಇಲ್ಲಿ ಗ್ರೀಸ್ ಬಳಿಯಬೇಡಿ, ತೆಳು ಎಣ್ಣೆ ಸಾಕು. ಗ್ರೀಸ್ ಹಾಕಿದವರ ಯಂತ್ರ ಮುಂದಿನ ಚಳಿಗಾಲಕ್ಕೆ ಮತ್ತೆ ಇದೇ ಪಾಡಿಗೆ ಬರುತ್ತದೆ.

ಯಂತ್ರ ಹಿಂದಕ್ಕೆ ಎಳೆದಾಗ ಸಿಲಿಂಡರ್ ತಿರುಗಿ, ಮುಂದೆ ತಳ್ಳಿದಾಗ ಸುಮ್ಮನಿದ್ದರೆ? ಎಡ ಬಲದ ಹಲ್ಲುಚಕ್ರಗಳನ್ನು ಹಿಂದಿನ ರಿಪೇರಿಯವರು ಅದಲುಬದಲು ಮಾಡಿದ್ದಾರೆ. ಬದಲಿಸಿದರೆ ಮುಗಿಯಿತು.

ಗ್ರೀನ್ ಮುಂತಾದ ದೊಡ್ಡ ಯಂತ್ರಗಳಲ್ಲಿ ಹಿಂದಿನ ರೋಲರಿನಿಂದ ಸಿಲಿಂಡರಿಗೆ ಚೈನ್ ಇರುತ್ತದೆ. ಚೈನ್ ಕಳಚಿದೆಯೇ, ಹಲ್ಲಿನ ಮೇಲೆ ಹಾರುತ್ತಿದೆಯೇ ಎಂದು ಕವಚ ತೆಗೆದು ನೋಡಿದರೆ ತಿಳಿಯುತ್ತದೆ.

ತಿರುಗುತ್ತದೆ, ಆದರೆ ಹುಲ್ಲು ಕತ್ತರಿಸುವುದಿಲ್ಲ

ಮೊದಲು ಹುಲ್ಲನ್ನು ನೋಡಿ, ಯಂತ್ರವನ್ನಲ್ಲ. ಆಗಸ್ಟಿನ ಮಲೆನಾಡಿನಲ್ಲಿ ಮೊಣಕಾಲವರೆಗೆ ಬೆಳೆದ ಒದ್ದೆ ಹುಲ್ಲಿಗೆ ಸಿಲಿಂಡರ್ ಮೋವರ್ ತಂದು ನಿಲ್ಲಿಸಿ, ಯಂತ್ರ ಕೆಟ್ಟಿದೆ ಎನ್ನುವವರಿದ್ದಾರೆ. ಸಿಲಿಂಡರಿನ ಅರ್ಧ ಎತ್ತರಕ್ಕಿಂತ ಮಿಗಿಲಾದ ಹುಲ್ಲು ಬ್ಲೇಡಿನ ಬಾಯಿಗೆ ಬರುವುದೇ ಇಲ್ಲ, ಮಲಗಿಬಿಡುತ್ತದೆ. ಮೊದಲು ಕಳೆ ಕೊಚ್ಚುವ ಯಂತ್ರದಿಂದ ಸವರಿ, ಒಣಗಿದ ಮೇಲೆ ಇದನ್ನು ಓಡಿಸಿ.

ಹುಲ್ಲಿನದ್ದು ತಪ್ಪಿಲ್ಲವಾದರೆ ದಿನಪತ್ರಿಕೆಯ ಪರೀಕ್ಷೆ. ಕಾಗದವನ್ನು ಎರಡು ಬೆರಳಗಲದ ಉದ್ದನೆಯ ಪಟ್ಟಿಗಳಾಗಿ ಹರಿದುಕೊಳ್ಳಿ. ಯಂತ್ರವನ್ನು ಮಗ್ಗುಲಿಗೆ ಬೀಳದಂತೆ ಆನಿಸಿ, ಪಟ್ಟಿಯನ್ನು ಕೆಳಬ್ಲೇಡಿನ ಅಂಚಿನ ಮೇಲಿಟ್ಟು, ಕೋಲಿನಿಂದ ಸಿಲಿಂಡರನ್ನು ನಿಧಾನ ತಿರುಗಿಸಿ. ಚೆನ್ನಾಗಿರುವ ಯಂತ್ರ ಕಾಗದವನ್ನು ದರ್ಜಿಯ ಕತ್ತರಿಯಂತೆ ಕತ್ತರಿಸುತ್ತದೆ. ಎಡ ತುದಿ, ನಡು, ಬಲ ತುದಿ ಮೂರೂ ಕಡೆ, ಸಿಲಿಂಡರಿನ ಪ್ರತಿಯೊಂದು ಬ್ಲೇಡಿಗೂ ಹೀಗೆ ನೋಡಬೇಕು. ಬ್ಲೇಡುಗಳಿಗೆ ಸೀಮೆಸುಣ್ಣದಲ್ಲಿ ಅಂಕಿ ಬರೆದುಕೊಂಡರೆ ಗೊಂದಲವಿಲ್ಲ. ಫಲಿತಾಂಶವೇ ರೋಗ ಹೇಳುತ್ತದೆ.

ಎಲ್ಲೂ ಕತ್ತರಿಸದೆ ಕಾಗದ ಮಡಚಿಕೊಂಡರೆ ಕೆಳಬ್ಲೇಡ್ ದೂರವಿದೆ. ಎರಡೂ ಪಕ್ಕೆಯ ತಿರುಪನ್ನು ಸುತ್ತಿನ ಎಂಟನೇ ಒಂದು ಭಾಗದಷ್ಟೇ, ಒಂದಾದ ಮೇಲೊಂದು, ಬಿಗಿಮಾಡುತ್ತ ಬನ್ನಿ. ಹಲವು ಮಾದರಿಗಳಲ್ಲಿ ಪ್ರತಿ ಪಕ್ಕೆಗೆ ಎರಡು ತಿರುಪುಗಳಿವೆ, ಒಂದು ಒತ್ತುತ್ತದೆ, ಇನ್ನೊಂದು ತಡೆಯುತ್ತದೆ. ಒಂದನ್ನು ಸಡಿಲಿಸದೆ ಇನ್ನೊಂದನ್ನು ಬಿಗಿದರೆ ಎರಕದ ಕಿವಿ ಮುರಿಯುತ್ತದೆ. ಒಂದು ತುದಿಯಲ್ಲಿ ಮಾತ್ರ ಕತ್ತರಿಸಿದರೂ ಇದೇ ಮದ್ದು, ಆದರೆ ಆಚೆ ತುದಿಗೆ ಮಾತ್ರ.

ಎರಡು ತುದಿಯಲ್ಲಿ ಕತ್ತರಿಸಿ ನಡುವೆ ಕತ್ತರಿಸದಿದ್ದರೆ ಸವೆತ, ಇಲ್ಲವೇ ಬಾಗಿದ ಕೆಳಬ್ಲೇಡ್. ಇದಕ್ಕೆ ತಿರುಪು ಬಿಗಿಯುವುದು ಉತ್ತರವಲ್ಲ. ಎಲ್ಲ ಬ್ಲೇಡುಗಳೂ ಒಂದೇ ಜಾಗದಲ್ಲಿ ಸೋತರೆ ಕೆಳಬ್ಲೇಡಿನ ಆ ಜಾಗದಲ್ಲಿ ಕಚ್ಚು ಬಿದ್ದಿದೆ. ಒಂದೇ ಅಂಕಿಯ ಬ್ಲೇಡ್ ಉದ್ದಕ್ಕೂ ಸೋತರೆ ಆ ಬ್ಲೇಡ್ ಕಲ್ಲಿಗೆ ಬಡಿದು ಬಾಗಿದೆ. ಈ ವ್ಯತ್ಯಾಸ ತಿಳಿಯದೆ ಇಡೀ ಸಿಲಿಂಡರ್ ಗ್ರೈಂಡ್ ಮಾಡಿಸಿದರೆ ದುಡ್ಡೂ ಹೋಗುತ್ತದೆ, ಉಕ್ಕೂ ಹೋಗುತ್ತದೆ. ಆ ಹಳೆಯ ಉಕ್ಕು ಮತ್ತೆ ಸಿಗುವುದಿಲ್ಲ.

ಅಂಚು ಮೊಂಡಾಗಿದ್ದು ಆಕಾರ ಸರಿಯಿದ್ದರೆ ಮನೆಯಲ್ಲೇ ಮಸೆಯಬಹುದು. ವಾಲ್ವ್ ಗ್ರೈಂಡಿಂಗ್ ಪೇಸ್ಟನ್ನು ಎಣ್ಣೆಯಲ್ಲಿ ಸಡಿಲ ಮಾಡಿ ಬ್ಲೇಡುಗಳಿಗೆ ಬ್ರಶ್‌ನಿಂದ ಹಚ್ಚಿ, ಸಿಲಿಂಡರನ್ನು ಕತ್ತರಿಸುವ ದಿಕ್ಕಿಗೆ ವಿರುದ್ಧವಾಗಿ ತಿರುಗಿಸುವುದು. ಸರಸರ ಸದ್ದು ಒಂದೇ ಸಮನೆ ಕೇಳಿಬಂದರೆ ಎಲ್ಲ ಕಡೆ ತಾಗುತ್ತಿದೆ ಎಂದರ್ಥ. ಮುಗಿದ ಮೇಲೆ ಪೇಸ್ಟಿನ ಕಣ ಒಂದೂ ಉಳಿಯದಂತೆ ತೊಳೆಯದಿದ್ದರೆ ಅದು ಬೇರಿಂಗಿಗೆ ಹೋಗಿ ಅಲ್ಲಿಯೂ ಮಸೆಯುತ್ತದೆ. ಪವರ್ ಡ್ರಿಲ್ ಕಟ್ಟಿ ತಿರುಗಿಸುವವರು ಸಡಿಲ ಬಟ್ಟೆ ಧರಿಸಬಾರದು.

ಕೈ ಗ್ರೈಂಡರ್ ಹಿಡಿದು ಸಿಲಿಂಡರಿನ ಬ್ಲೇಡುಗಳನ್ನು ಅಂದಾಜಿನಲ್ಲಿ ಚೂಪು ಮಾಡುವುದು ಯಂತ್ರವನ್ನು ಕೊಂದಂತೆ. ಸಿಲಿಂಡರ್ ಎರಡು ತುದಿಯ ನಡುವೆ ನಿಂತು ಒಂದೇ ಅಳತೆಗೆ ಗ್ರೈಂಡ್ ಆಗಬೇಕು. ಗಾಲ್ಫ್ ಮೈದಾನಗಳಲ್ಲಿ ಇಂದಿಗೂ ಸಿಲಿಂಡರ್ ಮೋವರುಗಳೇ ಓಡುವುದರಿಂದ ಅವುಗಳನ್ನು ನೋಡಿಕೊಳ್ಳುವವರಿಗೆ ಆ ಗ್ರೈಂಡರ್ ಎಲ್ಲಿದೆ ಎಂಬುದು ಗೊತ್ತಿರುತ್ತದೆ. ಬಾಗಿದ ಬ್ಲೇಡ್, ನಡುವಿನ ಸವೆತ ಇವೆರಡಕ್ಕೂ ಅಲ್ಲಿ ವಿಚಾರಿಸಿ.

ಹುಲ್ಲುಹಾಸಿನ ಮೇಲೆ ಗೆರೆ ಅಥವಾ ಅಲೆ

ಉದ್ದಕ್ಕೂ ಒಂದೇ ತೆಳು ಗೆರೆ ಉಳಿದರೆ ಕೆಳಬ್ಲೇಡಿನ ಕಚ್ಚು. ಅಡ್ಡಡ್ಡ ಅಲೆಗಳು ಬಂದರೆ ನೀವು ಕಡಿಮೆ ಬ್ಲೇಡಿನ ಸಿಲಿಂಡರಿನಲ್ಲಿ ತೀರ ಗಿಡ್ಡಗೆ ಕತ್ತರಿಸುತ್ತಿದ್ದೀರಿ. ಎತ್ತರ ಹೆಚ್ಚಿಸಿದರೆ ಹೋಗುತ್ತದೆ. ಒಂದು ಪಕ್ಕ ಗಿಡ್ಡ, ಇನ್ನೊಂದು ಪಕ್ಕ ಉದ್ದವಾದರೆ ಮುಂದಿನ ರೋಲರ್ ಓರೆಯಾಗಿದೆ. ಹಳೆಯ ಯಂತ್ರಗಳಲ್ಲಿ ಇದು ಮರದ್ದು. ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಗೆದ್ದಲು ತಿಂದಿರಬಹುದು, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಹೊಸದನ್ನು ಕಡೆಸುವಾಗ ಅಗ್ಗವೆಂದು ತೋಟದ ಸಿಲ್ವರ್ ಓಕ್ ಕೊಡಬೇಡಿ, ತೇವಕ್ಕೆ ಬಾಳುವುದಿಲ್ಲ. ತೇಗ ಅಥವಾ ಹಲಸು ವಾಸಿ.

ಹಗ್ಗ ಎಷ್ಟು ಎಳೆದರೂ ಇಂಜಿನ್ ಹೊತ್ತಿಕೊಳ್ಳುವುದಿಲ್ಲ

ಎಳೆಯುವ ಮೊದಲು ಎರಡು ನೋಟ. ಸೈಲೆನ್ಸರಿನ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದೆಯೇ? ಫ್ಲೈವೀಲಿನ (ಇಂಜಿನ್ ಶಾಫ್ಟಿನ ತುದಿಯ ಭಾರದ ಚಕ್ರ) ಮುಚ್ಚಳದೊಳಗೆ ಇಲಿ ಹುಲ್ಲು, ಬಟ್ಟೆ ತುಂಬಿದೆಯೇ? ನಮ್ಮ ಸೀಮೆಯಲ್ಲಿ ಇವೆರಡೂ ಅಪರೂಪವಲ್ಲ. ಗೂಡು ತುಂಬಿದ ಇಂಜಿನ್ ಓಡಿದರೂ ಗಾಳಿಯಾಡದೆ ಕಾದು ಹಿಡಿದುಕೊಳ್ಳುತ್ತದೆ, ಒಣಹುಲ್ಲಿಗೆ ಬೆಂಕಿಯೂ ಬೀಳಬಹುದು.

ಆಮೇಲೆ ಪ್ಲಗ್ ತೆಗೆದು, ಆ ತೂತಿಗೆ ಒಂದು ಚಮಚ ಇಂಜಿನ್ ಎಣ್ಣೆ ಬಿಟ್ಟು, ಫ್ಲೈವೀಲನ್ನು ಕೈಯಿಂದ ತಿರುಗಿಸಿ. ತಿರುಗದಿದ್ದರೆ ಹಗ್ಗಕ್ಕೆ ಜೋತುಬೀಳಬೇಡಿ. ಪಿಸ್ಟನ್ ತುಕ್ಕಿಗೆ ಅಂಟಿದೆ. ಡೀಸೆಲ್ ಮತ್ತು ಎಣ್ಣೆ ತುಂಬಿಸಿ ದಿನಗಟ್ಟಲೆ ನೆನೆಯಲು ಬಿಡಿ. ವಾರಗಳು ಕಳೆದರೂ ಬಿಡದಿದ್ದರೆ ಇಂಜಿನ್ನಿನ ಸಿಲಿಂಡರ್ ಹೆಡ್ ತೆಗೆಯಬಲ್ಲ ಮೆಕ್ಯಾನಿಕ್‌ಗೆ ಕೊಡಿ.

ತಿರುಗಿತು ಎಂದಾದರೆ ಮೂರೇ ಪ್ರಶ್ನೆ: ಕಿಡಿ ಇದೆಯೇ, ಪೆಟ್ರೋಲ್ ಬರುತ್ತಿದೆಯೇ, ಒತ್ತಡ ಇದೆಯೇ.

ಕಿಡಿ ನೋಡಲು ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಇಂಜಿನ್ನಿಗೆ ತಾಗಿಸಿಟ್ಟು, ಪ್ಲಗ್ಗಿನ ತೂತಿನಿಂದ ದೂರವಿರುವಂತೆ ನೋಡಿಕೊಂಡು ಹಗ್ಗ ಎಳೆಯಿರಿ. ನೀಲಿ, ಚಟ್ ಎನ್ನುವ ಕಿಡಿ ಆರೋಗ್ಯ. ಹಳದಿ, ಸೊರಗಿದ ಕಿಡಿಯಾದರೆ ಅಥವಾ ಏನೂ ಇಲ್ಲದಿದ್ದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಿ, ಅದೇ ಅಗ್ಗ. ಬಳಿಕ ಫ್ಲೈವೀಲಿನ ಕಿಂಡಿಯಿಂದ ಪಾಯಿಂಟ್, ಅಂದರೆ ತೆರೆದು ಮುಚ್ಚಿ ಕಿಡಿ ಹೊಡೆಸುವ ಲೋಹದ ತುದಿಗಳನ್ನು ನೋಡಿ. ಮಳೆಗಾಲ ಕಳೆದ ಪಾಯಿಂಟುಗಳ ಮೇಲೆ ಬೂದಿ ಬಣ್ಣದ ಪೊರೆ ಕೂತಿರುತ್ತದೆ. ಗಟ್ಟಿ ಕಾಗದದ ತುಂಡನ್ನು ನಡುವೆ ಹಾಕಿ ಎಳೆದರೇ ಅರ್ಧ ಹೋಗುತ್ತದೆ, ಉಳಿದದ್ದಕ್ಕೆ ಸಣ್ಣ ಅರ. ಪಾಯಿಂಟ್ ತೆರೆದಾಗಿನ ಅಂತರ ಬ್ರಿಟನ್ನಿನ ವಿಲಿಯರ್ಸ್ ಇಂಜಿನ್ನಿಗೆ ಸುಮಾರು 0.3ರಿಂದ 0.4 ಮಿ.ಮೀ., ಅಮೆರಿಕದ ಹಳೆಯ ಬ್ರಿಗ್ಸ್ ಅಂಡ್ ಸ್ಟ್ರಾಟನ್‌ಗೆ ಸುಮಾರು 0.5 ಮಿ.ಮೀ. ಪಾಯಿಂಟ್ ಸುಟ್ಟು ಗುಳಿ ಬಿದ್ದಿದ್ದರೆ ಅದು ಸುಡದಂತೆ ಕಾಯುವ ಕಂಡೆನ್ಸರ್ ಮೇಲೆ ಸಂಶಯ ಪಡಿ. ಕಿಡಿಗೆ ವಿದ್ಯುತ್ ಕೊಡುವ ತಂತಿಸುರುಳಿ, ಅಂದರೆ ಕಾಯಿಲ್, ತೇವ ಕುಡಿದಿರಬಹುದು. ಎಸೆಯುವ ಮೊದಲು ಎರಡು ದಿನ ಒಳ್ಳೆಯ ಬಿಸಿಲಿಗೆ ಇಟ್ಟು ನೋಡಿ.

ಫ್ಲೈವೀಲ್ ಬಿಚ್ಚಬೇಕಾಗಿ ಬಂದರೆ ಒಂದು ಮಾತು. ಹಲವು ವಿಲಿಯರ್ಸ್ ಇಂಜಿನ್ನುಗಳಲ್ಲಿ ನಡುವಿನ ನಟ್ ಮೊದಲು ಸಡಿಲವಾಗಿ, ಸ್ವಲ್ಪ ತಿರುಗಿದ ಮೇಲೆ ಮತ್ತೆ ಬಿಗಿಯಾಗುತ್ತದೆ. ಏನೋ ಸಿಕ್ಕಿಕೊಂಡಿತು ಎಂದು ಹೆದರಿ ನಿಲ್ಲಿಸಬೇಡಿ. ಆ ಎರಡನೆಯ ಬಿಗಿಯೇ ಫ್ಲೈವೀಲನ್ನು ಶಾಫ್ಟಿನಿಂದ ಎಳೆದು ತೆಗೆಯುವ ಉಪಾಯ. ಇದು ಗೊತ್ತಿಲ್ಲದವರು ಹಿಂದಿನಿಂದ ಸ್ಕ್ರೂ ಡ್ರೈವರ್ ಹಾಕಿ ಎಬ್ಬಿ ಅಂಚು ಮುರಿದ ಫ್ಲೈವೀಲುಗಳು ಗುಜರಿಯಲ್ಲಿ ಕಾಣಸಿಗುತ್ತವೆ.

ಕಿಡಿ ಇದ್ದು, ಎಳೆದೆಳೆದು ಸುಸ್ತಾದ ಮೇಲೂ ಪ್ಲಗ್ ಒಣಗಿಯೇ ಇದ್ದರೆ ಪೆಟ್ರೋಲ್ ಬರುತ್ತಿಲ್ಲ. ಟ್ಯಾಂಕಿನಲ್ಲಿರುವುದನ್ನು ಗಾಜಿನ ಬಾಟಲಿಗೆ ಇಳಿಸಿ ನೋಡಿ. ತಳದಲ್ಲಿ ಬೇರೆ ಪದರವಾಗಿ ನಿಂತದ್ದು ನೀರು. ಚಹಾ ಬಣ್ಣ, ಹುಳಿ ವಾಸನೆ ಇದ್ದರೆ ಹಳಸಿದ ಪೆಟ್ರೋಲ್. ಎರಡನ್ನೂ ಮತ್ತೆ ಹಾಕುವಂತಿಲ್ಲ. ಆಮೇಲೆ ಪೈಪ್, ಜಾಲರಿ, ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಹೀಗೆ ಟ್ಯಾಂಕಿನಿಂದ ಇಂಜಿನ್ನಿನ ಕಡೆಗೆ ಒಂದೊಂದೇ ನೋಡುತ್ತ ಬನ್ನಿ. ಜೆಟ್ಟಿಗೆ ಗಾಳಿ ಊದಬೇಕು, ತಂತಿ ಚುಚ್ಚಬಾರದು. ತೂತು ಕೂದಲೆಳೆಯಷ್ಟು ಹಿಗ್ಗಿದರೂ ಲೆಕ್ಕ ತಪ್ಪುತ್ತದೆ.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಈ ಇಂಜಿನ್ನುಗಳನ್ನು ಮಾಡಿದವರು ಅದನ್ನು ಎಣಿಸಿರಲಿಲ್ಲ. ಅದು ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಇನ್ನೊಂದು ಸಂಗತಿ ಹಲವರ ಗಮನಕ್ಕೆ ಬರುವುದಿಲ್ಲ: ಹಳೆಯ ಕಾರ್ಬ್ಯುರೇಟರಿನ ತೇಲುಬೆಂಡು ನಿಜವಾಗಿ ಬೆಂಡೇ ಆಗಿದ್ದು, ಅದಕ್ಕೆ ಅರಗಿನ ಲೇಪ ಇದ್ದರೆ ಎಥನಾಲ್ ಆ ಅರಗನ್ನು ಕರಗಿಸುತ್ತದೆ. ಬೆಂಡು ಪೆಟ್ರೋಲ್ ಕುಡಿದು ಮುಳುಗುತ್ತದೆ, ಕಾರ್ಬ್ಯುರೇಟರ್ ತುಂಬಿ ಸುರಿಯುತ್ತದೆ, ಕರಗಿದ ಅರಗು ಜೆಟ್ಟಿನಲ್ಲಿ ಅಂಟುತ್ತದೆ. ನಿನ್ನೆ ಸರಿಯಿದ್ದ ಯಂತ್ರ ಇಂದು ಸುರಿಸುತ್ತಿದ್ದರೆ ಇದನ್ನೇ ಮೊದಲು ಶಂಕಿಸಿ. ಎಥನಾಲ್ ತಡೆಯುವ ಲೇಪ ಅಥವಾ ಹಿತ್ತಾಳೆಯ ತೇಲುಬೆಂಡು ಪರಿಹಾರ. ಪೈಪನ್ನೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಕೆಲಸ ಮುಗಿದ ದಿನವೇ ಟ್ಯಾಂಕ್ ಖಾಲಿ ಮಾಡುವ ಅಭ್ಯಾಸವಿದ್ದರೆ ಅರ್ಧ ತೊಂದರೆ ಇಲ್ಲ.

ಒತ್ತಡ ನೋಡಲು ಪ್ಲಗ್ ಹಾಕಿ ಫ್ಲೈವೀಲನ್ನು ತಿರುಗಿಸಿ. ಒಂದು ಜಾಗದಲ್ಲಿ ತಡೆದು ಹಿಂದಕ್ಕೆ ಪುಟಿಯಬೇಕು. ಪುಟಿಯದಿದ್ದರೆ ಮತ್ತೊಂದು ಚಮಚ ಎಣ್ಣೆ ಬಿಟ್ಟು ನೋಡಿ. ಎಣ್ಣೆ ಬಿಟ್ಟಾಗ ಒತ್ತಡ ಬಂದರೆ ಪಿಸ್ಟನ್ನಿನ ರಿಂಗ್ ಸವೆದಿದೆ ಅಥವಾ ಅಂಟಿದೆ. ಆಗಲೂ ಬಾರದಿದ್ದರೆ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ, ಇಲ್ಲವೇ ಗ್ಯಾಸ್ಕೆಟ್ ಹೋಗಿದೆ. ಇಲ್ಲಿಂದ ಮುಂದೆ ಮನೆಯಂಗಳದ ಕೆಲಸವಲ್ಲ.

ಹೊತ್ತಿಕೊಳ್ಳುತ್ತದೆ, ಕಾಲು ಗಂಟೆಗೆ ನಿಲ್ಲುತ್ತದೆ

ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತಿರುಗಿಸಿ. ಬಿಸಿ ಇಂಜಿನ್ನಿನ ಮೇಲೆ ಬಗ್ಗಬೇಡಿ, ಬೀಡಿ ಸಿಗರೇಟು ಹತ್ತಿರವಿರಬಾರದು. ಸುಯ್ ಎಂದು ಗಾಳಿ ಒಳನುಗ್ಗಿ, ಮತ್ತೆ ಎಳೆದಾಗ ಇಂಜಿನ್ ಹೊತ್ತಿಕೊಂಡರೆ ಮುಚ್ಚಳದ ಗಾಳಿ ತೂತು ಮುಚ್ಚಿದೆ. ಒಂದು ಸೂಜಿಯಲ್ಲಿ ಮುಗಿಯುವ ರಿಪೇರಿ. ಹಾಗಾಗದಿದ್ದರೆ ಇಂಜಿನ್ ಇನ್ನೂ ಬಿಸಿಯಿರುವಾಗಲೇ ಕಿಡಿ ಪರೀಕ್ಷಿಸಿ. ಬಿಸಿಯಲ್ಲಿ ಕಿಡಿ ಇಲ್ಲ, ತಣಿದ ಮೇಲೆ ಇದೆ ಎಂದಾದರೆ ಕಾಯಿಲ್ ಅಥವಾ ಕಂಡೆನ್ಸರ್. ಕಂಡೆನ್ಸರ್ ಮೊದಲು ಬದಲಿಸಿ. ಅಗ್ಗ, ಸುಲಭವಾಗಿ ಸಿಗುತ್ತದೆ. ಕಾಯಿಲ್ ಮರುಸುತ್ತುವುದನ್ನು ಮೋಟಾರ್ ವೈಂಡಿಂಗಿನವರೆಲ್ಲರೂ ಮಾಡಲಾರರು, ಮ್ಯಾಗ್ನೆಟೋ ಬಲ್ಲವರನ್ನೇ ಹುಡುಕಬೇಕು.

ಹೊಗೆ

ಟೂ ಸ್ಟ್ರೋಕ್ ಇಂಜಿನ್ ಸ್ವಲ್ಪ ನೀಲಿ ಹೊಗೆ ಬಿಡುವುದು ಸಹಜ. ಇಲ್ಲಿ ಭಯಪಡಬೇಕಾದದ್ದು ಹೊಗೆ ಇಲ್ಲದಿದ್ದಾಗ. ತೋಟದ ಕಳೆ ಯಂತ್ರಕ್ಕೆ ಕಲಸಿಟ್ಟ ಪೆಟ್ರೋಲನ್ನೇ ಇದಕ್ಕೂ ಹಾಕುವವರು ಬಹಳ. ಅದರಲ್ಲಿ 50ಕ್ಕೆ 1ರ ಪ್ರಮಾಣವಿದ್ದರೆ ಲೀಟರಿಗೆ 20 ಮಿ.ಲೀ. ಎಣ್ಣೆ ಮಾತ್ರ. ಹಳೆಯ ವಿಲಿಯರ್ಸ್ ಇಂಜಿನ್ನುಗಳಿಗೆ ಹೇಳಿದ್ದ ಪ್ರಮಾಣ 16ಕ್ಕೆ 1, ಅಂದರೆ ಲೀಟರಿಗೆ ಸುಮಾರು 62 ಮಿ.ಲೀ. ಇಂದಿನ ಒಳ್ಳೆಯ ಎಣ್ಣೆಯಲ್ಲೂ 25ಕ್ಕೆ 1ಕ್ಕಿಂತ ತೆಳು ಮಾಡಬೇಡಿ. ಇಂಜಿನ್ನಿನ ಬುಡದಲ್ಲಿ ಎಣ್ಣೆ ತುಂಬುವ ಬೇರೆ ಮುಚ್ಚಳ ಇದ್ದರೆ ಅದು ಫೋರ್ ಸ್ಟ್ರೋಕ್. ಅದಕ್ಕೆ ಬೆರಕೆ ಪೆಟ್ರೋಲ್ ಬೇಡ.

ಫೋರ್ ಸ್ಟ್ರೋಕ್ ನೀಲಿ ಹೊಗೆ ಬಿಟ್ಟರೆ ಯಂತ್ರವನ್ನು ತಪ್ಪು ಮಗ್ಗುಲಿಗೆ ಮಲಗಿಸಿದ್ದರಿಂದ ಎಣ್ಣೆ ಮೇಲೇರಿದೆಯೇ ಎಂದು ಮೊದಲು ನೆನಪಿಸಿಕೊಳ್ಳಿ. ಸ್ವಲ್ಪ ಹೊತ್ತಿನಲ್ಲಿ ನಿಂತರೆ ಅದೇ. ನಿಲ್ಲದಿದ್ದರೆ ರಿಂಗ್. ಕಪ್ಪು ಹೊಗೆಗೆ ಚೋಕ್ ಮತ್ತು ಏರ್ ಫಿಲ್ಟರ್ ನೋಡಿ.

ಹಗ್ಗ ಕೈಯನ್ನೇ ಹಿಂದಕ್ಕೆ ಸೆಳೆಯುತ್ತದೆ

ಇದನ್ನು ಹಗುರಾಗಿ ತೆಗೆದುಕೊಂಡರೆ ಮಣಿಕಟ್ಟು ಹೋಗುತ್ತದೆ. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬೇಡಿ. ಕಿಡಿ ತೀರ ಮುಂಚಿತವಾಗಿ ಬರುತ್ತಿದೆ ಎಂಬುದು ಇದರ ಅರ್ಥ. ಪಾಯಿಂಟಿನ ಅಂತರ ಹೆಚ್ಚಾಗಿರಬಹುದು, ಅಥವಾ ಫ್ಲೈವೀಲ್ ಶಾಫ್ಟಿನ ಮೇಲೆ ಜರುಗಿರಬಹುದು. ಫ್ಲೈವೀಲನ್ನು ಶಾಫ್ಟಿಗೆ ಕಚ್ಚಿಸಿ ಹಿಡಿಯುವ ಸಣ್ಣ ತುಂಡು, ಅಂದರೆ ಕೀ, ಇರುವ ಇಂಜಿನ್ನುಗಳಲ್ಲಿ ಆ ಕೀ ಮೆದು ಲೋಹದ್ದು. ಬ್ಲೇಡ್ ಕಲ್ಲಿಗೆ ಬಡಿದಾಗ ಶಾಫ್ಟಿನ ಬದಲು ತಾನು ಕತ್ತರಿಸಿಕೊಳ್ಳಲೆಂದೇ ಅದನ್ನು ಹಾಗೆ ಮಾಡಿದ್ದಾರೆ. ಅದರ ಜಾಗಕ್ಕೆ ಮೊಳೆ ಕತ್ತರಿಸಿ ಬಡಿಯುವ ಜಾಣತನ ಬೇಡ.

ಇಡೀ ಯಂತ್ರ ಅದುರುತ್ತದೆ

ಅಡಿಯಲ್ಲಿ ಅಡ್ಡ ಬ್ಲೇಡ್ ತಿರುಗುವ ರೋಟರಿ ಯಂತ್ರವಾದರೆ, 1952ರಲ್ಲಿ ಸಿಡ್ನಿಯಲ್ಲಿ ಶುರುವಾದ ವಿಕ್ಟಾ ಮತ್ತು ಅದರ ನಂತರದ ಬಳಗ, ತಕ್ಷಣ ನಿಲ್ಲಿಸಿ. ಪ್ಲಗ್ ವೈರ್ ಕಿತ್ತು, ಬ್ಲೇಡ್ ತೆಗೆದು, ನಡುವಿನ ತೂತಿಗೆ ಸ್ಕ್ರೂ ಡ್ರೈವರ್ ತೂರಿಸಿ ಹಿಡಿಯಿರಿ. ಒಂದು ಕಡೆ ವಾಲಿದರೆ ಆ ಕಡೆಯನ್ನು ಅರದಿಂದ ಸ್ವಲ್ಪ ಸ್ವಲ್ಪ ಉಜ್ಜಿ ಸಮ ಮಾಡಬಹುದು. ಸೀಳು, ಬಾಗು ಕಂಡರೆ ಆ ಬ್ಲೇಡ್ ಗುಜರಿಗೆ. ಬೆಸುಗೆ ಹಾಕಿದ ಬ್ಲೇಡ್ ಹಾರಿದರೆ ಎದುರಿಗಿದ್ದವರ ಕಾಲು ಉಳಿಯುವುದಿಲ್ಲ. ಬ್ಲೇಡ್ ಸಮವಿದ್ದೂ ಅದುರಿದರೆ ಇಂಜಿನ್ ಶಾಫ್ಟ್ ಬಾಗಿದೆ. ಅದನ್ನು ಬಡಿದು ನೇರ ಮಾಡಿಸಿ ಓಡಿಸಬೇಡಿ, ಸಂಗ್ರಹದಲ್ಲಿ ನಿಲ್ಲಿಸಿಕೊಳ್ಳಿ.

ಬೀಡಿನಲ್ಲಿ ಬಿರುಕು

ಸಂಶಯದ ಜಾಗಕ್ಕೆ ಸೀಮೆಎಣ್ಣೆ ಸವರಿ, ಐದು ನಿಮಿಷ ಬಿಟ್ಟು ಒಣಗಿಸಿ ಒರೆಸಿ, ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಒಳಸೇರಿದ ಎಣ್ಣೆ ಮರಳಿ ಬಂದು ಸುಣ್ಣದ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೇಟು, ಕಿಟಕಿ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಸಾಮಾನ್ಯ ರಾಡಿನಿಂದ ಬೆಸೆದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಬರುತ್ತದೆ. ಬೀಡಿಗೆ ನಿಕ್ಕೆಲ್ ರಾಡ್ ಅಥವಾ ಹಿತ್ತಾಳೆಯ ಬೆಸುಗೆ ಬೇಕು, ಮೊದಲೇ ಬಿಸಿ ಮಾಡಬೇಕು, ಆಮೇಲೆ ಒಣ ಮರಳು ಇಲ್ಲವೇ ಬೂದಿಯಲ್ಲಿ ಹೂತು ನಿಧಾನವಾಗಿ ತಣಿಸಬೇಕು. ಇದನ್ನೆಲ್ಲ ನೀವು ಹೇಳುವ ಮೊದಲೇ ತಾವಾಗಿ ಹೇಳುವ ವೆಲ್ಡರ್ ಸಿಕ್ಕಿದರೆ ಕೊಡಿ.

ಬಣ್ಣ ಏಳುತ್ತಿದೆ, ಕೆಳಗೆ ತುಕ್ಕು

ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ ಎಂದೇ ಭಾವಿಸಿ ಕೆಲಸ ಮಾಡಿ. ಒಣಗಿದ್ದಾಗ ಉಜ್ಜಬಾರದು, ನೀರು ಹಾಕಿ ಉಜ್ಜಿ, ಮುಖಕ್ಕೆ ಮಾಸ್ಕ್ ಇರಲಿ, ಮಕ್ಕಳು ದೂರ ಇರಲಿ, ಆ ನೀರು ಬಾವಿಯ ಕಡೆ ಹರಿಯದಿರಲಿ. ಹಳೆಯ ಕ್ಲಚ್ಚಿನ ಪಟ್ಟಿ, ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅವನ್ನು ಕೆರೆಯಬೇಡಿ, ಊದಬೇಡಿ. ಉಪ್ಪುಕಾಗದ ಹಿಡಿಯುವ ಮೊದಲು ಒಂದು ಬಿಡಿಭಾಗವನ್ನು ವಾಷಿಂಗ್ ಸೋಡಾ ನೀರಿನಲ್ಲಿ ಬ್ಯಾಟರಿ ಚಾರ್ಜರ್ ಕಟ್ಟಿ ತುಕ್ಕು ಬಿಡಿಸುವ ವಿಧಾನಕ್ಕೆ ಇಟ್ಟು ನೋಡಬಹುದು. ಚಾರ್ಜರಿನ ಋಣ ತುದಿ ಭಾಗಕ್ಕೆ, ಧನ ತುದಿ ಬೇಡದ ಕಬ್ಬಿಣದ ತುಂಡಿಗೆ. ಸ್ಟೀಲ್ ಪಾತ್ರೆ, ಸ್ಟೀಲ್ ಚಮಚ ಧನ ತುದಿಗೆ ಕಟ್ಟಿದರೆ ವಿಷದ ಕ್ರೋಮಿಯಂ ನೀರಿಗೆ ಸೇರುತ್ತದೆ. ಬರುವ ಗುಳ್ಳೆ ಹೈಡ್ರೋಜನ್, ಆದ್ದರಿಂದ ಬಯಲಿನಲ್ಲೇ ಮಾಡಿ. ಅಲ್ಯೂಮಿನಿಯಂ ಭಾಗಗಳನ್ನು ಇದರಲ್ಲಿ ಇಳಿಸಿದರೆ ತಿಂದುಹೋಗುತ್ತವೆ.

ತಯಾರಕರ ಹಿತ್ತಾಳೆ ಫಲಕವಿದ್ದರೆ ದೇವರ ದೀಪದಂತೆ ಹುಣಸೆಹುಳಿ ಹಾಕಿ ತಿಕ್ಕುವ ಆಸೆ ಬರುತ್ತದೆ. ತಿಕ್ಕಿದರೆ ಅಕ್ಷರಗಳ ಗುಳಿಯಲ್ಲಿ ತುಂಬಿದ್ದ ಮೂಲ ಬಣ್ಣ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಟ್ಟುಬಿಡಿ. ಫಲಕವನ್ನು ಕಳಚಿದರೆ ಅದರ ಅಡಿಯಲ್ಲಿ ಬಿಸಿಲು ಕಾಣದ ಮೂಲ ಹಸಿರು ಸಿಗುತ್ತದೆ. ಹೊಸ ಬಣ್ಣ ಕಲಸುವವರಿಗೆ ತೋರಿಸಬೇಕಾದ್ದು ಆ ಜಾಗವನ್ನು.